ಯಕೃತ್ತಿನ ಕಿಣ್ವಗಳಿಗೆ ಬೇಗ ತುತ್ತಾಗದ ಔಷಧ ಅಣು: ವಿನ್ಯಾಸದ ಸಮಗ್ರ ಮಾರ್ಗದರ್ಶಿ

ಮೈಕ್ರೋಸೋಮ್ (ಯಕೃತ್ತಿನ ಕೋಶ ಒಡೆದು ತೆಗೆದ, ಕಿಣ್ವಗಳಿರುವ ಪೊರೆಯ ತುಣುಕು) ವರದಿ ಬರುತ್ತದೆ: ಅರ್ಧಾಯು, ಅಂದರೆ ಅಣು ಅರ್ಧಕ್ಕಿಳಿಯುವ ಹೊತ್ತು, 8 ನಿಮಿಷ. ಕೂಡಲೇ ಯಾರಾದರೊಬ್ಬರು ಬೋರ್ಡಿನ ಹತ್ತಿರ ಹೋಗಿ ಬೆಂಜೀನ್ ಉಂಗುರದ ತುದಿಗೆ ಒಂದು ಫ್ಲೋರಿನ್ ಬರೆಯುತ್ತಾರೆ. ಕೆಲವು ವಾರ ಸಿಂಥೆಸಿಸ್ ನಡೆಯುತ್ತದೆ. ಹೊಸ ವರದಿಯಲ್ಲಿ ಅರ್ಧಾಯು 9 ನಿಮಿಷ. ಆಮೇಲೆ ಇನ್ನೊಂದು ಮೂಲೆಗೆ ಇನ್ನೊಂದು ಫ್ಲೋರಿನ್.

ಔಷಧ ರಸಾಯನಶಾಸ್ತ್ರಕ್ಕೆ ಹೊಸದಾಗಿ ಕಾಲಿಟ್ಟವರು ಎಡವುವುದು ಹೆಚ್ಚಾಗಿ ಇಲ್ಲೇ. ಅವರಿಗೆ ಉಪಾಯ ಗೊತ್ತಿಲ್ಲವೆಂದಲ್ಲ, ಉಪಾಯಗಳ ಪಟ್ಟಿ ಎಲ್ಲ ಪಠ್ಯದಲ್ಲೂ ಇದೆ. ತಪ್ಪುವುದು ಕ್ರಮ. ಕಿಣ್ವ ಅಣುವಿನ ಯಾವ ಜಾಗವನ್ನು ಹಿಡಿಯುತ್ತಿದೆ, ಹಿಡಿಯುತ್ತಿರುವುದು ಯಾವ ಕಿಣ್ವ ಎಂದು ತಿಳಿಯುವ ಮೊದಲೇ ತಿದ್ದಲು ಕೂರುತ್ತಾರೆ. ಈ ಮಾರ್ಗದರ್ಶಿ ಆ ಕ್ರಮದ ಬಗ್ಗೆ.

## ಮೊದಲೇ ಕೈಯಲ್ಲಿರಬೇಕಾದವು

ಮಾನವ ಮತ್ತು ಇಲಿಯ ಯಕೃತ್ತಿನ ಮೈಕ್ರೋಸೋಮ್‌ಗಳು, ಫ್ರೀಜ್ ಮಾಡಿಟ್ಟ ಮಾನವ ಹೆಪಟೋಸೈಟ್‌ಗಳು (ಇಡಿಯಾದ ಯಕೃತ್ತಿನ ಕೋಶಗಳು), ಯಕೃತ್ತಿನ ಸೈಟೋಸಾಲ್ (ಕೋಶದೊಳಗಿನ ದ್ರವ), ಎನ್‌ಎಡಿಪಿಎಚ್ (ಉತ್ಕರ್ಷಣ ಕಿಣ್ವಗಳು ಕೆಲಸ ಮಾಡಲು ಬೇಕಾದ ಸಹಾಯಕ ಅಣು). ಅಳತೆಗೆ ಎಲ್‌ಸಿ-ಎಂಎಸ್ (ಅಣುಗಳನ್ನು ಬೇರ್ಪಡಿಸಿ ದ್ರವ್ಯರಾಶಿ ಅಳೆಯುವ ಯಂತ್ರ), ಮೆಟಬೊಲೈಟ್ (ಕಿಣ್ವ ಬದಲಿಸಿದ ಅಣು) ಗುರುತಿಸಲು ಹೈ ರೆಸೊಲ್ಯೂಶನ್ ಮಾಸ್ ಸ್ಪೆಕ್ಟ್ರೋಮೀಟರ್. ಇವು ನಿಮ್ಮ ಲ್ಯಾಬ್‌ನಲ್ಲಿಲ್ಲದಿದ್ದರೆ ಹೊರಗೆ ಮಾಡಿಸಬಹುದು. ಬೆಂಗಳೂರಿನಲ್ಲಿ ಈ ಕೆಲಸ ಮಾಡಿಕೊಡುವ ಸಂಶೋಧನಾ ಸಂಸ್ಥೆಗಳಿಗೆ ಕೊರತೆಯಿಲ್ಲ. ಕಂಪ್ಯೂಟರ್‌ನಲ್ಲಿ ಊಹಿಸಲು ಸ್ಮಾರ್ಟ್‌ಸಿಪ್, ಬಯೋಟ್ರಾನ್ಸ್‌ಫಾರ್ಮರ್‌ನಂಥ ಉಚಿತ ಸಾಧನಗಳು ಸಾಕು. ಆದರೆ ಅವು ಹೇಳುವುದು ಊಹೆ. ಅವುಗಳ ಮಾತು ನಂಬಿ ಸಿಂಥೆಸಿಸ್ ಶುರು ಮಾಡಬೇಡಿ.

## ಹಂತ 1: ಬೇಡವಾದದ್ದು ಯಾವುದು ಎಂದು ಬರೆದಿಡಿ

ಚಯಾಪಚಯವನ್ನು ಪೂರ್ತಿ ನಿಲ್ಲಿಸುವುದು ಗುರಿಯಲ್ಲ. ನೋವಿನ ಮಾತ್ರೆ ಸೆಲೆಕಾಕ್ಸಿಬ್ ಉದಾಹರಣೆ ನೋಡಿ. ಅದರ ಬಳಗದ ಹಿಂದಿನ ಅಣುವೊಂದರಲ್ಲಿ ಉಂಗುರದ ತುದಿಗೆ ಕ್ಲೋರಿನ್ ಇತ್ತು. ಅಣು ದೇಹ ಬಿಟ್ಟು ಹೊರಡುತ್ತಲೇ ಇರಲಿಲ್ಲ, ಇಲಿಗಳಲ್ಲಿ ಅರ್ಧಾಯು ದಿನಗಟ್ಟಲೆ. ಆ ಕ್ಲೋರಿನ್ ತೆಗೆದು ಬೇಕೆಂದೇ ಮೀಥೈಲ್ ಹಾಕಿದರು. ಔಷಧಗಳನ್ನು ಉತ್ಕರ್ಷಿಸುವ ಯಕೃತ್ತಿನ ಮುಖ್ಯ ಕಿಣ್ವ ಬಳಗವಾದ ಸಿವೈಪಿಯ ಒಂದು ಸದಸ್ಯ, 2ಸಿ9, ಅದನ್ನು ಮೊದಲು ಆಲ್ಕೋಹಾಲ್ ಆಗಿ, ಮುಂದೆ ಕಾರ್ಬಾಕ್ಸಿಲಿಕ್ ಆಮ್ಲವಾಗಿ ಬದಲಿಸುತ್ತದೆ. ಮನುಷ್ಯರಲ್ಲಿ ಅರ್ಧಾಯು ಸುಮಾರು 11 ಗಂಟೆಗೆ ಬಂದು ನಿಂತಿತು.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಮಾತ್ರೆಯೋ ಇಂಜೆಕ್ಷನ್ನೋ, ದಿನಕ್ಕೆ ಎಷ್ಟು ಸಲ, ರಕ್ತದಲ್ಲಿ ಎಷ್ಟು ಹೊತ್ತು ಎಷ್ಟು ಮಟ್ಟ ಬೇಕು. ಹೃದಯ ಬಡಿತ ತಗ್ಗಿಸುವ ಎಸ್ಮೊಲಾಲ್‌ನ ಅರ್ಧಾಯು ಸುಮಾರು 9 ನಿಮಿಷ, ಅದು ಬೇಕೆಂದೇ ಇಟ್ಟ ಎಸ್ಟರ್‌ನ ಫಲ. ಗುರಿ ಬರೆಯದೆ ಹೊರಟವರು ಅರ್ಧಾಯುವನ್ನು ಸುಮ್ಮನೆ ಎಳೆಯುತ್ತಾ ಹೋಗುತ್ತಾರೆ.

## ಹಂತ 2: ಸರಿಯಾಗಿ ಅಳೆಯಿರಿ

ವಾಡಿಕೆಯ ವಿಧಾನ ಹೀಗೆ: 1 ಮೈಕ್ರೋಮೋಲಾರ್ ಕಾಂಪೌಂಡ್, ಮಿಲಿಲೀಟರಿಗೆ 0.5 ಮಿಲಿಗ್ರಾಂ ಮೈಕ್ರೋಸೋಮ್ ಪ್ರೋಟೀನ್, 37 ಡಿಗ್ರಿ ಸೆಲ್ಸಿಯಸ್, ಎನ್‌ಎಡಿಪಿಎಚ್ ಹಾಕಿದ ಕ್ಷಣದಿಂದ 0, 5, 15, 30, 60 ನಿಮಿಷಕ್ಕೆ ಸ್ಯಾಂಪಲ್ ತೆಗೆದು ತಣ್ಣನೆಯ ಅಸಿಟೋನೈಟ್ರೈಲ್‌ನಲ್ಲಿ ನಿಲ್ಲಿಸುವುದು. ಕಾಂಪೌಂಡ್ ಕರಗಿಸುವ ದ್ರಾವಕ ಡಿಎಂಎಸ್‌ಒ ಶೇ 0.2 ದಾಟದಂತೆ ನೋಡಿಕೊಳ್ಳಿ. ಅದೇ ಕೆಲವು ಕಿಣ್ವಗಳನ್ನು ಕುಂದಿಸುತ್ತದೆ. ಮೈಕ್ರೋಸೋಮ್ ಚೆನ್ನಾಗಿದೆಯೇ ಎಂದು ತಿಳಿಯಲು ವೆರಪಮಿಲ್‌ನಂಥ ಪರಿಚಿತ ಅಣುವೊಂದು ಪ್ರತಿ ಪ್ಲೇಟಿನಲ್ಲೂ ಇರಲಿ.

ಎನ್‌ಎಡಿಪಿಎಚ್ ಹಾಕದ ಸಾಲೊಂದನ್ನು ಎಂದೂ ಬಿಡಬೇಡಿ. ಅಲ್ಲೂ ಕಾಂಪೌಂಡ್ ಇಳಿಯುತ್ತಿದ್ದರೆ ಸಿವೈಪಿ ಮೇಲೆ ಹೊರೆ ಹಾಕುವಂತಿಲ್ಲ. ಎಸ್ಟರ್ ಒಡೆಯುವ ಎಸ್ಟರೇಸ್ ಕಿಣ್ವ ಕತ್ತರಿಸುತ್ತಿರಬಹುದು, ಅಣು ತಾನಾಗಿ ಒಡೆಯುತ್ತಿರಬಹುದು, ಇಲ್ಲವೇ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತಿರಬಹುದು. ಬರೀ ಬಫರ್‌ನಲ್ಲಿ ಇನ್ನೊಂದು ಸಾಲು ಇಟ್ಟರೆ ಯಾವುದೆಂದು ಬೇರ್ಪಡುತ್ತದೆ.

ಎಚ್ಚರಿಕೆಯ ಸೂಚನೆ: 0 ನಿಮಿಷದ ಸ್ಯಾಂಪಲ್‌ನಲ್ಲೇ ಹಾಕಿದ ಪ್ರಮಾಣ ಸಿಗದಿದ್ದರೆ ಆ ರೇಖೆಯಿಂದ ಅರ್ಧಾಯು ಲೆಕ್ಕ ಹಾಕಬೇಡಿ. ಹೆಚ್ಚಿನ ಸಲ ಅದು ಕರಗದ ಕಾಂಪೌಂಡ್.

## ಹಂತ 3: ನಿಮಿಷಗಳನ್ನು ಯಕೃತ್ತಿನ ಲೆಕ್ಕಕ್ಕೆ ತನ್ನಿ

"60 ನಿಮಿಷಕ್ಕಿಂತ ಹೆಚ್ಚು ಬಂತು, ಅಣು ಸ್ಥಿರ" ಎಂಬ ಮಾತು ಮೀಟಿಂಗ್‌ಗಳಲ್ಲಿ ಬಹಳ ಸಲ ಕೇಳಿಬರುತ್ತದೆ. ಇದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ.

ಅರ್ಧಾಯು 69 ನಿಮಿಷ ಎಂದಿಟ್ಟುಕೊಳ್ಳಿ. 0.693 ಅನ್ನು 69ರಿಂದ ಭಾಗಿಸಿದರೆ ನಿಮಿಷಕ್ಕೆ 0.01. ಪ್ರೋಟೀನ್ ಮಿಲಿಲೀಟರಿಗೆ 0.5 ಮಿಲಿಗ್ರಾಂ ಇರುವುದರಿಂದ ಒಂದು ಮಿಲಿಗ್ರಾಂ ಪ್ರೋಟೀನಿಗೆ 2000 ಮೈಕ್ರೋಲೀಟರ್ ದ್ರವ. ಗುಣಿಸಿದರೆ ಆಂತರಿಕ ಕ್ಲಿಯರೆನ್ಸ್ (ಕಿಣ್ವಗಳು ಅಣುವನ್ನು ತೆಗೆದುಹಾಕುವ ಸಾಮರ್ಥ್ಯ) ನಿಮಿಷಕ್ಕೆ, ಮಿಲಿಗ್ರಾಂ ಪ್ರೋಟೀನಿಗೆ 20 ಮೈಕ್ರೋಲೀಟರ್. ಒಂದು ಗ್ರಾಂ ಯಕೃತ್ತಿನಲ್ಲಿ ಸುಮಾರು 40 ಮಿಲಿಗ್ರಾಂ ಮೈಕ್ರೋಸೋಮ್ ಪ್ರೋಟೀನ್, ದೇಹತೂಕದ ಪ್ರತಿ ಕಿಲೋಗೆ ಸುಮಾರು 25 ಗ್ರಾಂ ಯಕೃತ್ತು. ಕೊನೆಗೆ ಸಿಗುವುದು ಕಿಲೋಗೆ ನಿಮಿಷಕ್ಕೆ 20 ಮಿಲಿಲೀಟರ್.

ಮನುಷ್ಯನ ಯಕೃತ್ತಿಗೆ ಹರಿಯುವ ರಕ್ತವೂ ಕಿಲೋಗೆ ನಿಮಿಷಕ್ಕೆ ಹೆಚ್ಚುಕಡಿಮೆ 20 ಮಿಲಿಲೀಟರೇ. ಬಂಧನದ ತಿದ್ದುಪಡಿಗಳನ್ನು (ಪ್ರೋಟೀನಿಗೆ, ಪೊರೆಗೆ ಅಂಟಿ ಕೂತ ಭಾಗದ ಲೆಕ್ಕ) ಪಕ್ಕಕ್ಕಿಟ್ಟರೆ, ಆ "ಸ್ಥಿರ" ಅಣುವಿನ ಅರ್ಧದಷ್ಟನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಕಬಳಿಸುತ್ತದೆ. 60 ನಿಮಿಷಕ್ಕೆ ಶೇ 80 ಉಳಿದ ಅಣುವನ್ನೂ ಇದೇ ಲೆಕ್ಕಕ್ಕೆ ಹಾಕಿ: ಕಾಲು ಭಾಗಕ್ಕಿಂತ ತುಸು ಹೆಚ್ಚೇ ಹೋಗುತ್ತದೆ. ಅದಕ್ಕಿಂತ ನಿಧಾನದ ಅಣುಗಳನ್ನು ಮೈಕ್ರೋಸೋಮ್‌ನಲ್ಲಿ ನೆಚ್ಚಿ ಅಳೆಯಲಾಗದು. ಹೆಪಟೋಸೈಟ್‌ಗೆ ಹೋಗಿ, ಅಲ್ಲೂ ಇಳಿಯದಿದ್ದರೆ ಮೇಲಿನ ದ್ರವವನ್ನು ತಾಜಾ ಕೋಶಗಳಿಗೆ ಮತ್ತೆ ಮತ್ತೆ ವರ್ಗಾಯಿಸುವ ರಿಲೇ ವಿಧಾನ ಹಿಡಿಯಿರಿ.

ಬಂಧನದ ತಿದ್ದುಪಡಿಯನ್ನು ಶಾಶ್ವತವಾಗಿ ಪಕ್ಕಕ್ಕಿಡಬೇಡಿ. ಜಿಡ್ಡಿನ ಅಣು ಮೈಕ್ರೋಸೋಮ್ ಪೊರೆಗೇ ಅಂಟಿ ಕೂತು ಕಿಣ್ವಕ್ಕೆ ಸಿಗದೆ ಉಳಿಯುತ್ತದೆ. ವರದಿಯಲ್ಲಿ ಅದು ಸ್ಥಿರತೆಯಂತೆ ಕಾಣುತ್ತದೆ.

## ಹಂತ 4: ಯಾವ ಕಿಣ್ವ ಎಂದು ಪತ್ತೆ ಮಾಡಿ

1-ಅಮೈನೋಬೆಂಜೋಟ್ರಯಜೋಲ್ ಸಿವೈಪಿಗಳನ್ನು ಒಟ್ಟಾಗಿ ಕಟ್ಟಿಹಾಕುತ್ತದೆ. ಎನ್‌ಎಡಿಪಿಎಚ್ ಜೊತೆ ಅದನ್ನು ಮೊದಲು ಹದಿನೈದರಿಂದ ಮೂವತ್ತು ನಿಮಿಷ ಕೆಲಸ ಮಾಡಲು ಬಿಟ್ಟು, ಆಮೇಲೆ ಕಾಂಪೌಂಡ್ ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿ "ತಡೆಯಲಿಲ್ಲ" ಎಂದು ಬರೆದ ವರದಿಗಳಿಗೆ ಬೆಲೆಯಿಲ್ಲ. ಇನ್ನೊಂದು ಮಾತು, 2ಸಿ9 ಇದರ ಕೈಗೆ ಪೂರ್ತಿ ಸಿಗುವುದಿಲ್ಲ. ಬಿಡಿಬಿಡಿಯಾಗಿ ನೋಡಲು 3ಎ4ಗೆ ಕೀಟೋಕೊನಜೋಲ್, 2ಡಿ6ಗೆ ಕ್ವಿನಿಡಿನ್.

ಸಿವೈಪಿ ಅಲ್ಲದವು ತಪ್ಪಿಸಿಕೊಳ್ಳುವುದು ಸುಲಭ. ಎಫ್‌ಎಂಒ ಎಂಬ ಇನ್ನೊಂದು ಉತ್ಕರ್ಷಣ ಕಿಣ್ವ ಎನ್‌ಎಡಿಪಿಎಚ್ ಇಲ್ಲದೆ ಬಿಸಿ ತಾಳದು, 45 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟರೆ ಸಾಯುತ್ತದೆ. ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ಎನ್‌ಎಡಿಪಿಎಚ್ ಹಾಕುವ ಮೊದಲು ಮೈಕ್ರೋಸೋಮ್ ಬೆಚ್ಚಗಾಗಲಿ ಎಂದು 37 ಡಿಗ್ರಿಯಲ್ಲಿ ಮರೆತು ಬಿಟ್ಟವರು ಗೊತ್ತಿಲ್ಲದೆ ಇದೇ ಕೆಲಸವನ್ನು ಅರೆಬರೆ ಮಾಡಿರುತ್ತಾರೆ. ಗ್ಲುಕುರೊನೈಡ್ ಅಂಟಿಸುವ ಯುಜಿಟಿ ಕಿಣ್ವ ಮೈಕ್ರೋಸೋಮ್ ಒಳಗಡೆ ಇರುವುದರಿಂದ ಅದಕ್ಕೆ ಯುಡಿಪಿಜಿಎ (ಅಂಟಿಸುವ ಗುಂಪನ್ನು ಒದಗಿಸುವ ಅಣು) ಬೇಕು, ಪೊರೆಯಲ್ಲಿ ರಂಧ್ರ ಮಾಡಲು ಅಲಾಮೆಥಿಸಿನ್ ಬೇಕು. ಆಲ್ಡಿಹೈಡ್ ಆಕ್ಸಿಡೇಸ್ ಇರುವುದು ಸೈಟೋಸಾಲ್‌ನಲ್ಲಿ, ಮೈಕ್ರೋಸೋಮ್ ವರದಿಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಎಚ್ಚರಿಕೆಯ ಸೂಚನೆ: ಮೈಕ್ರೋಸೋಮ್‌ನಲ್ಲಿ ಗಟ್ಟಿಯಾಗಿ ನಿಂತ ಅಣು ಹೆಪಟೋಸೈಟ್‌ನಲ್ಲಿ ಬೇಗ ಕರಗಿದರೆ ಯುಜಿಟಿ ಇಲ್ಲವೇ ಆಲ್ಡಿಹೈಡ್ ಆಕ್ಸಿಡೇಸ್ ಮೇಲೆ ಮೊದಲ ಅನುಮಾನ ಪಡಿ.

## ಹಂತ 5: ಎಲ್ಲಿ ಕಚ್ಚಿದೆ ನೋಡಿ

ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದೇ, ಹಣ ಉಳಿಸಲು ಹೆಚ್ಚಿನವರು ಬಿಡುವುದೂ ಇದನ್ನೇ. ಬಳಗದ ಪ್ರತಿನಿಧಿ ಎನಿಸುವ ಒಂದೆರಡು ಅಣುಗಳಿಗಾದರೂ ಮೆಟ್‌ಐಡಿ (ಮೆಟಬೊಲೈಟ್ ಗುರುತಿಸುವ ಪರೀಕ್ಷೆ) ಮಾಡಿಸಿ. ಇಲ್ಲಿ ಕಾಂಪೌಂಡ್ 5ರಿಂದ 10 ಮೈಕ್ರೋಮೋಲಾರ್ ಇರಲಿ, ಇಲ್ಲದಿದ್ದರೆ ಸಣ್ಣ ಪೀಕ್‌ಗಳು ಕಾಣುವುದಿಲ್ಲ.

ದ್ರವ್ಯರಾಶಿಯ ಏರಿಳಿತ ಓದುವುದನ್ನು ಕಲಿಯಿರಿ. +16 ಅಂದರೆ ಒಂದು ಆಮ್ಲಜನಕ ಸೇರಿದೆ. −14 ಅಂದರೆ ಮೀಥೈಲ್ ಹೋಗಿದೆ, −28 ಅಂದರೆ ಈಥೈಲ್ ಹೋಗಿದೆ. +30 ಅಂದರೆ ಮೀಥೈಲ್ ಕಾರ್ಬಾಕ್ಸಿಲಿಕ್ ಆಮ್ಲವಾಗಿದೆ. +176 ಗ್ಲುಕುರೊನೈಡ್, +80 ಸಲ್ಫೇಟ್, +305 ಗ್ಲುಟಥಯೋನ್. ಈ ಕೊನೆಯದು ಕಂಡರೆ ನಿಂತು ಯೋಚಿಸಿ, ಅಣು ಎಲ್ಲೋ ಪ್ರೋಟೀನಿಗೂ ಅಂಟಬಲ್ಲ ರೂಪ ತಾಳುತ್ತಿದೆ.

+16 ಎಲ್ಲ ಒಂದೇ ಅಲ್ಲ. ಅದು ಇಂಗಾಲದ ಮೇಲಿನ ಹೈಡ್ರಾಕ್ಸಿಲ್ಲೋ ಸಾರಜನಕದ ಮೇಲಿನ ಎನ್-ಆಕ್ಸೈಡೋ ಎಂದು ತಿಳಿಯದೆ ತಿದ್ದಲು ಹೋದರೆ ತಪ್ಪು ಜಾಗ ಮುಚ್ಚುತ್ತೀರಿ. ಟೈಟಾನಿಯಂ ಟ್ರೈಕ್ಲೋರೈಡ್ ಹಾಕಿ ನೋಡಿ: ಎನ್-ಆಕ್ಸೈಡ್ ಆಗಿದ್ದರೆ ಮೂಲ ಅಣುವಿಗೆ ಮರಳುತ್ತದೆ, ಹೈಡ್ರಾಕ್ಸಿಲ್ ಅಲುಗುವುದಿಲ್ಲ.

ಇನ್ನೊಂದು ಮೋಸ −2ರಲ್ಲಿದೆ. ಎರಡು ಹೈಡ್ರೋಜನ್ ಹೋದರೆ −2.0157. ಫ್ಲೋರಿನ್ ಹೋಗಿ ಆ ಜಾಗಕ್ಕೆ ಹೈಡ್ರಾಕ್ಸಿಲ್ ಬಂದರೆ −1.9957. ಸಾಮಾನ್ಯ ಯಂತ್ರಕ್ಕೆ ಎರಡೂ ಒಂದೇ. ಹೈ ರೆಸೊಲ್ಯೂಶನ್‌ನಲ್ಲಿ 0.02ರ ಆ ಅಂತರ ಸ್ಪಷ್ಟ, ಕಿಣ್ವ ನಿಮ್ಮ ಫ್ಲೋರಿನ್ನನ್ನೇ ಕಿತ್ತು ಹಾಕಿದೆಯೆಂದು ಅಲ್ಲಿ ಗೊತ್ತಾಗುತ್ತದೆ.

ಪೀಕ್‌ನ ಎತ್ತರ ನೋಡಿ "ಇದೇ ಮುಖ್ಯ ಮೆಟಬೊಲೈಟ್" ಎನ್ನಬೇಡಿ. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಒಂದೊಂದು ಅಣು ಒಂದೊಂದು ರೀತಿ ಅಯಾನೀಕರಣಗೊಳ್ಳುತ್ತದೆ. ಯುವಿ ಪೀಕ್ ಜೊತೆಗಿಟ್ಟು ತೂಗಿ.

## ಹಂತ 6: ಮೊದಲು ಜಿಡ್ಡು ಇಳಿಸಿ

ಜಾಗ ಗೊತ್ತಾದ ಮೇಲೂ ಅಲ್ಲಿಗೇ ನುಗ್ಗಬೇಡಿ. ಸಿವೈಪಿ 3ಎ4ನ ಒಳಕೋಣೆ ವಿಶಾಲ, ಜಿಡ್ಡಿನ ಅಣುವನ್ನು ಅದು ಯಾವ ಭಂಗಿಯಲ್ಲಾದರೂ ಹಿಡಿಯುತ್ತದೆ. ಲಾಗ್‌ಡಿ (ಜಿಡ್ಡುತನದ ಅಳತೆ) 4ರ ಆಚೆ ಇರುವ ಅಣುವಿನಲ್ಲಿ ಒಂದು ಜಾಗ ಮುಚ್ಚುವುದು ಹರಕು ಛಾವಣಿಯ ಒಂದು ತೂತಿಗೆ ತೇಪೆ ಹಾಕಿದಂತೆ. ಮೊದಲು ಅದನ್ನು 1ರಿಂದ 3ರ ನಡುವೆ ತರಲು ನೋಡಿ. ಬೇಡದ ಬೆಂಜೀನ್ ಉಂಗುರ ಕಿತ್ತು ಹಾಕಿ, ಸೈಕ್ಲೋಹೆಕ್ಸೈಲ್ ಇದ್ದಲ್ಲಿ ಟೆಟ್ರಾಹೈಡ್ರೊಪೈರಾನ್, ಗುರಿ ಪ್ರೋಟೀನ್ ಒಪ್ಪಿದರೆ ಆಕ್ಸೆಟೇನ್.

## ಹಂತ 7: ಜಾಗಕ್ಕೆ ತಕ್ಕ ಮದ್ದು

ಬೆಂಜೀನ್ ಉಂಗುರದ ತುದಿ, ಮೆಥಾಕ್ಸಿ. ಫ್ಲೋರಿನ್‌ಗೆ ನ್ಯಾಯವಾದ ಜಾಗ ಇದು. ಕೊಲೆಸ್ಟ್ರಾಲ್ ಇಳಿಸುವ ಎಜೆಟಿಮೈಬ್ ಇದರ ಒಳ್ಳೆಯ ಪಾಠ. ಅದರ ಮೂಲ ಅಣುವಿನಲ್ಲಿ ಸಾರಜನಕದ ಮೇಲಿನ ಉಂಗುರಕ್ಕೆ ಮೆಥಾಕ್ಸಿ ಇತ್ತು, ಅಲ್ಲಿ ಫ್ಲೋರಿನ್ ಬಂತು. ಪಕ್ಕದ ಸರಪಳಿಯ ಉಂಗುರದ ತುದಿಗೂ ಒಂದು ಫ್ಲೋರಿನ್. ಆದರೆ ಇನ್ನೊಂದು ಉಂಗುರದ ಮೆಥಾಕ್ಸಿ ಕಳಚಿ ಬರುವ ಫೀನಾಲ್ ಚಟುವಟಿಕೆಯುಳ್ಳದ್ದೆಂದು ಗೊತ್ತಾಗಿತ್ತು; ಅದನ್ನು ತಡೆಯುವ ಬದಲು ಫೀನಾಲನ್ನೇ ಅಣುವಿನಲ್ಲಿ ಇಟ್ಟರು. ಹ್ಯಾಮ್‌ಸ್ಟರ್‌ಗಳಲ್ಲಿ ಹೊಸ ಅಣು ಸುಮಾರು 50 ಪಟ್ಟು ಪ್ರಬಲವಾಯಿತು. ಮೆಟಬೊಲೈಟ್‌ಗಳ ಚಟುವಟಿಕೆ ಪರೀಕ್ಷಿಸದೆ ಹೋಗಿದ್ದರೆ ಮೂರೂ ಕಡೆ ಫ್ಲೋರಿನ್ ಬಿದ್ದಿರುತ್ತಿತ್ತು.

ಅಮೈನ್‌ಗೆ ನೇರ ಎದುರಿನ ಜಾಗದಲ್ಲಿ ಮಾತ್ರ ಫ್ಲೋರಿನ್ ಹಾಕುವಾಗ ಜೋಪಾನ. ಉತ್ಕರ್ಷಣವಾದಾಗ ಅದು ಹೊರಬಿದ್ದು ಕ್ವಿನೋನ್ ಇಮೈನ್ ಆಗಬಹುದು. ಸಾರಜನಕದ ಮೇಲೆ ಫ್ಲೋರೋಈಥೈಲ್ ಅಂತೂ ಬೇಡವೇ ಬೇಡ, ಕಳಚಿದರೆ ಫ್ಲೋರೋಅಸಿಟೇಟ್ ಎಂಬ ವಿಷದ ಕಡೆಗೆ ಹೋಗುತ್ತದೆ.

ಟರ್ಶರಿ ಬ್ಯುಟೈಲ್. ನೋಡಲು ಗಟ್ಟಿ, ಕಿಣ್ವಕ್ಕೆ ಅಲ್ಲ. ಟರ್ಫೆನಡಿನ್‌ನ ಈ ಗುಂಪೇ ಆಮ್ಲವಾಗಿ ಫೆಕ್ಸೊಫೆನಡಿನ್ ಆಗುವುದು. ಮೂರರಲ್ಲಿ ಒಂದು ಮೀಥೈಲನ್ನು ಟ್ರೈಫ್ಲೋರೋಮೀಥೈಲ್ ಮಾಡುವುದು ಒಂದು ದಾರಿ, ಆಲ್ಪೆಲಿಸಿಬ್‌ನಲ್ಲಿರುವುದು ಇಂಥದ್ದೇ ಗುಂಪು.

ಸಾರಜನಕ ಅಥವಾ ಆಮ್ಲಜನಕದ ಪಕ್ಕದ ಇಂಗಾಲ. ಡೀಅಲ್ಕೈಲೇಶನ್ (ಮೀಥೈಲ್, ಈಥೈಲ್‌ನಂಥ ಗುಂಪು ಕಳಚುವುದು) ಶುರುವಾಗುವುದು ಇಲ್ಲಿ. ಆ ಇಂಗಾಲಕ್ಕೆ ಎರಡು ಮೀಥೈಲ್ ಹಾಕುವುದು, ಉಂಗುರವನ್ನು ಸೇತುವೆಯಿಂದ ಬಿಗಿಯುವುದು, ಅಮೈನನ್ನು ಅಮೈಡ್ ಮಾಡುವುದು ಮೊದಲ ಪ್ರಯತ್ನಗಳು. ಮೆಥಿಲೀನ್‌ಡೈಆಕ್ಸಿ ಗುಂಪಿದ್ದರೆ ಮಧ್ಯದ ಇಂಗಾಲಕ್ಕೆ ಎರಡು ಫ್ಲೋರಿನ್ ಹಾಕಿ. ಹಾಗೇ ಬಿಟ್ಟರೆ ಪ್ಯಾರಾಕ್ಸೆಟಿನ್ 2ಡಿ6ಗೆ ಮಾಡುವಂತೆ ಕಿಣ್ವವನ್ನೇ ಕೆಡಿಸಬಹುದು.

ಡ್ಯೂಟೀರಿಯಂ, ಅಂದರೆ ಭಾರದ ಹೈಡ್ರೋಜನ್. ಇಂಗಾಲ-ಹೈಡ್ರೋಜನ್ ನಡುವಿನ ಬಂಧ ಮುರಿಯುವುದೇ ನಿಧಾನದ ಹೆಜ್ಜೆಯಾಗಿದ್ದರೆ ಮಾತ್ರ ಉಪಯೋಗ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡ್ಯೂಟೆಟ್ರಾಬೆನಜಿನ್ ಈ ದಾರಿಯ ಮೊದಲ ಔಷಧ. ಅದರ ಎರಡು ಮೆಥಾಕ್ಸಿಗಳಲ್ಲಿ ಡ್ಯೂಟೀರಿಯಂ ಇದೆ. 2022ರ ಡ್ಯೂಕ್ರಾವಾಸಿಟಿನಿಬ್‌ನಲ್ಲಿ ಉದ್ದೇಶ ಬೇರೆ, ಮೀಥೈಲ್ ಕಳಚಿದರೆ ಬರುವ ಮೆಟಬೊಲೈಟ್ ಗುರಿ ಬಿಟ್ಟು ಬೇರೆ ಪ್ರೋಟೀನ್‌ಗಳಿಗೂ ಕೈ ಹಾಕುತ್ತದೆ, ಅದನ್ನು ತಡೆಯಲು. ನನ್ನ ಮಟ್ಟಿಗೆ ಡ್ಯೂಟೀರಿಯಂ ಕೊನೆಯ ಅಸ್ತ್ರ. ವಿನ್ಯಾಸದ ಮೊದಲ ವಾರವೇ ಅದನ್ನು ಎತ್ತುವವರು ಹಂತ 4 ಬಿಟ್ಟಿರುತ್ತಾರೆ.

ಫೀನಾಲ್, ಕ್ಯಾಟೆಕಾಲ್. ಗ್ಲುಕುರೊನೈಡ್ ಮತ್ತು ಸಲ್ಫೇಟ್‌ಗೆ ಇವು ತೆರೆದ ಬಾಗಿಲು. ರಾಲಾಕ್ಸಿಫೀನ್ ಮಾತ್ರೆಯಲ್ಲಿ ರಕ್ತಕ್ಕೆ ಹಾಗೇ ಸೇರುವುದು ಶೇ 2ರಷ್ಟು. ಹೈಡ್ರಾಕ್ಸಿಲ್ ಗುರಿಗೆ ಬೇಕೇಬೇಕಾದರೆ ಹೈಡ್ರೋಜನ್ ಬಂಧ ಕೊಡಬಲ್ಲ, ಆದರೆ ಕಿಣ್ವಕ್ಕೆ ರುಚಿಸದ ಗುಂಪು ಹುಡುಕಿ. ಐಸೊಪ್ರಿನಲಿನ್‌ನ ಕ್ಯಾಟೆಕಾಲ್ ಸಿಒಎಂಟಿ ಕಿಣ್ವಕ್ಕೆ ಸುಲಭದ ತುತ್ತು. ಒಂದು ಹೈಡ್ರಾಕ್ಸಿಲ್ ಜಾಗದಲ್ಲಿ ಹೈಡ್ರಾಕ್ಸಿಮೀಥೈಲ್ ಇಟ್ಟದ್ದೇ ಸಾಲ್ಬುಟಮಾಲ್‌ನ ಗುಟ್ಟು. ಆಸ್ತಮಾ ಇನ್ಹೇಲರ್ ಇರುವ ಮನೆಗಳಲ್ಲೆಲ್ಲ ಈ ಪಾಠ ಇದೆ.

ಎಸ್ಟರ್, ಪೆಪ್ಟೈಡ್. ಎಸ್ಟರ್ ಬದಲು ಆಕ್ಸಾಡಯಜೋಲ್ ಅಥವಾ ಅಮೈಡ್. ಪೆಪ್ಟೈಡ್‌ನಲ್ಲಿ ಕತ್ತರಿ ಬೀಳುವ ಜಾಗದ ಅಮೈನೋ ಆಮ್ಲ ಬದಲಿಸಿ: ಸೆಮಾಗ್ಲುಟೈಡ್‌ನ 8ನೇ ಸ್ಥಾನದ ಅಮೈನೋಐಸೊಬ್ಯುಟಿರಿಕ್ ಆಮ್ಲ ಡಿಪಿಪಿ-4 ಕಿಣ್ವದ ಕತ್ತರಿಯನ್ನು ತಡೆಯುತ್ತದೆ. ಅರ್ಧಾಯು ಒಂದು ವಾರದವರೆಗೆ ಹೋಗಲು ಅದೊಂದೇ ಸಾಲದು, ಆಲ್ಬುಮಿನ್ ಹಿಡಿದುಕೊಳ್ಳುವ ಕೊಬ್ಬಿನಾಮ್ಲದ ಬಾಲವೂ ಬೇಕು.

ಸಾರಜನಕವಿರುವ ಉಂಗುರ. ಹಂತ 6ರಲ್ಲಿ ಜಿಡ್ಡು ಇಳಿಸಲು ಬೆಂಜೀನನ್ನು ಪಿರಿಡಿನ್, ಪಿರಿಮಿಡಿನ್ ಮಾಡಿದಿರಿ ಅನ್ನಿ. ಸಿವೈಪಿ ಸುಮ್ಮನಾಗುತ್ತದೆ, ಆಲ್ಡಿಹೈಡ್ ಆಕ್ಸಿಡೇಸ್ ಏಳುತ್ತದೆ. ಸಾರಜನಕದ ಪಕ್ಕದಲ್ಲಿ ಎಲೆಕ್ಟ್ರಾನ್ ಕೊರತೆಯ, ಖಾಲಿ ಇಂಗಾಲ ಕಂಡರೆ ಅದು ಅಲ್ಲಿ ಆಮ್ಲಜನಕ ಸೇರಿಸುತ್ತದೆ. ಆ ಇಂಗಾಲಕ್ಕೆ ಮೀಥೈಲ್ ಅಥವಾ ಬೇರೆ ಗುಂಪು ಹಾಕಿ ಮುಚ್ಚಿ, ಇಲ್ಲವೇ ಸಾರಜನಕವನ್ನು ಬೇರೆ ಸ್ಥಾನಕ್ಕೆ ಸರಿಸಿ. ಎಸ್‌ಜಿಎಕ್ಸ್523 ಎಂಬ ಕ್ಯಾನ್ಸರ್ ಅಣುವಿನ ಕ್ವಿನೊಲಿನ್ ಉಂಗುರದಲ್ಲಿ ಆದದ್ದು ಇದೇ. ಆಮ್ಲಜನಕ ಸೇರಿದ ಮೆಟಬೊಲೈಟ್ ನೀರಿನಲ್ಲಿ ಕರಗದೆ ಹರಳುಗಟ್ಟಿ ರೋಗಿಗಳ ಮೂತ್ರಪಿಂಡಕ್ಕೆ ಹಾನಿ ಮಾಡಿತು, ಪ್ರಯೋಗ ಮೊದಲ ಘಟ್ಟದಲ್ಲೇ ನಿಂತಿತು.

## ಹಂತ 8: ಹೊಸ ಅಣುವನ್ನು ಅನುಮಾನದಿಂದಲೇ ನೋಡಿ

ಅರ್ಧಾಯು ಏರಿದೆ. ಏಕೆ ಏರಿತು? ಮೂರು ಪ್ರಶ್ನೆ ಕೇಳಿ.

1. ದಾಳಿ ಬೇರೆ ಜಾಗಕ್ಕೆ ಸರಿಯಿತೇ? ಹೊಸ ಅಣುವಿಗೂ ಮೆಟ್‌ಐಡಿ ಮಾಡಿಸಿ. ತುದಿ ಮುಚ್ಚಿದರೆ ಪಕ್ಕದ ಬೆಂಜಿಲಿಕ್ ಇಂಗಾಲ ಸಿಗುವುದು ತೀರ ಸಾಮಾನ್ಯ.

2. ಬರೀ ಜಿಡ್ಡು ಇಳಿದದ್ದರಿಂದ ಆಯಿತೇ? ಲಾಗ್‌ಡಿಯಿಂದ, ಬಂಧನ ತಿದ್ದಿದ ಆಂತರಿಕ ಕ್ಲಿಯರೆನ್ಸ್‌ನ ಲಾಗ್ ಕಳೆಯಿರಿ. ಆ ಸಂಖ್ಯೆ ಏರಿದ್ದರೆ ನಿಜವಾಗಿಯೂ ಜಾಗ ಮುಚ್ಚಿದೆ. ಅಲ್ಲೇ ನಿಂತಿದ್ದರೆ ಫಲ ಕೊಟ್ಟದ್ದು ಹಂತ 6 ಮಾತ್ರ.

3. ಅಣು ಕಿಣ್ವವನ್ನೇ ಕಟ್ಟಿಹಾಕುತ್ತಿದೆಯೇ? ಅಡ್ಡಿಯಿಲ್ಲದ ಪಿರಿಡಿನ್, ಇಮಿಡಜೋಲ್ ಸಾರಜನಕಗಳು ಸಿವೈಪಿಯ ಹೀಮ್ ಕಬ್ಬಿಣಕ್ಕೆ ಹೋಗಿ ಕೂರುತ್ತವೆ. ವರದಿಯಲ್ಲಿ ಅದ್ಭುತ ಸ್ಥಿರತೆ ಕಾಣುತ್ತದೆ, ರೋಗಿಯಲ್ಲಿ ಬೇರೆ ಮಾತ್ರೆಗಳು ರಕ್ತದಲ್ಲಿ ಮೇಲೇರುತ್ತವೆ. ಮಿಬೆಫ್ರಾಡಿಲ್ 1998ರಲ್ಲಿ ಮಾರುಕಟ್ಟೆ ಬಿಟ್ಟದ್ದು ಇಂಥ ಔಷಧ ತಿಕ್ಕಾಟದಿಂದ, ಅದು 3ಎ4 ಅನ್ನು ಬಲವಾಗಿ ತಡೆಯುತ್ತಿತ್ತು. ಸಿವೈಪಿ ಪ್ರತಿಬಂಧ ಪರೀಕ್ಷೆಯನ್ನು, ಎನ್‌ಎಡಿಪಿಎಚ್ ಜೊತೆ 30 ನಿಮಿಷ ಮುಂಚೆ ಇಟ್ಟೂ ಇಡದೆಯೂ, ಇದೇ ಸುತ್ತಿನಲ್ಲಿ ಮಾಡಿಸಿ.

ಒಂದೇ ಕಿಣ್ವದ ಮೇಲೆ ಪೂರ್ತಿ ನಿಂತ ಅಣುವೂ ಅಪಾಯವೇ, ಅದರಲ್ಲೂ 2ಡಿ6 ಅಥವಾ 2ಸಿ19 ಆದರೆ. ಈ ಕಿಣ್ವಗಳ ಶಕ್ತಿ ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತದೆ, 2ಸಿ19ರ ಕುಂದಿದ ರೂಪ ನಮ್ಮ ದೇಶದಲ್ಲಿ ಅಪರೂಪವಲ್ಲ.

## ಹಂತ 9: ಪ್ರಾಣಿಗೆ ಹೋಗುವ ಮೊದಲು

ಮಾನವ, ಇಲಿ, ನಾಯಿ, ಕೋತಿ ಹೆಪಟೋಸೈಟ್‌ಗಳಲ್ಲಿ ಮೆಟಬೊಲೈಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಮನುಷ್ಯನ ಪಟ್ಟಿಗೆ ಹತ್ತಿರವಾದ ಪ್ರಾಣಿಯನ್ನು ಆರಿಸಿ. ನಾಯಿಯ ಯಕೃತ್ತಿನಲ್ಲಿ ಆಲ್ಡಿಹೈಡ್ ಆಕ್ಸಿಡೇಸ್ ಕೆಲಸ ಇಲ್ಲವೆಂದೇ ಹೇಳಬಹುದು. ಆ ಕಿಣ್ವ ಒಡೆಯುವ ಅಣುವಿಗೆ ನಾಯಿ ಪ್ರಯೋಗದಲ್ಲಿ ಬರುವ ಸುಂದರ ಫಲಿತಾಂಶ ನಂಬಲರ್ಹವಲ್ಲ.

ಇಲಿಗೆ ಕೊಟ್ಟ ಮೇಲೆ ಕ್ಲಿಯರೆನ್ಸ್ ಇಳಿದೂ ಅರ್ಧಾಯು ಏರದಿದ್ದರೆ ಗಾಬರಿ ಬೇಡ. ಅರ್ಧಾಯು ಅಂದರೆ ಹರಡುವ ಗಾತ್ರವನ್ನು (ಅಣು ರಕ್ತ ಬಿಟ್ಟು ದೇಹದಲ್ಲಿ ಎಷ್ಟು ಹರಡುತ್ತದೆ ಎಂಬ ಅಳತೆ) ಕ್ಲಿಯರೆನ್ಸ್‌ನಿಂದ ಭಾಗಿಸಿ 0.693ರಿಂದ ಗುಣಿಸಿದ್ದು. ಜಿಡ್ಡು ಇಳಿಸಿದಾಗ ಎರಡೂ ಒಟ್ಟಿಗೆ ಇಳಿಯುತ್ತವೆ, ಅರ್ಧಾಯು ಇದ್ದಲ್ಲೇ ಇರುತ್ತದೆ. ಆಗ ಜಿಡ್ಡನ್ನು ಇನ್ನಷ್ಟು ಇಳಿಸುವುದು ವ್ಯರ್ಥ. ಹಂತ 7ರ ಜಾಗ ಮುಚ್ಚುವ ಬದಲಾವಣೆಗಳಿಗೆ ಮರಳಿ, ಇಲ್ಲವೇ ಅಣುವಿಗೆ ಕ್ಷಾರೀಯ ಅಮೈನ್ ಸೇರಿಸಿ ಗಾತ್ರ ಏರಿಸಬಹುದೇ ನೋಡಿ. ಮೈಕ್ರೋಸೋಮ್ ಮತ್ತು ಹೆಪಟೋಸೈಟ್ ಲೆಕ್ಕಕ್ಕಿಂತ ಪ್ರಾಣಿಯಲ್ಲಿ ಕ್ಲಿಯರೆನ್ಸ್ ಬಹಳ ಹೆಚ್ಚಿದ್ದರೆ, ಅದರಲ್ಲೂ ಯಕೃತ್ತಿನ ರಕ್ತಪ್ರವಾಹವನ್ನೇ ದಾಟಿದ್ದರೆ (ಇಲಿಯಲ್ಲಿ ಅದು ಕಿಲೋಗೆ ನಿಮಿಷಕ್ಕೆ ಸುಮಾರು 55 ಮಿಲಿಲೀಟರ್), ಯಕೃತ್ತನ್ನು ಬಿಟ್ಟು ಬೇರೆ ಕಡೆ ಹುಡುಕಿ: ಪ್ಲಾಸ್ಮಾದಲ್ಲಿ ಅಣು ಒಡೆಯುತ್ತಿದೆಯೇ, ಮೂತ್ರದಲ್ಲಿ ಹಾಗೇ ಹೋಗುತ್ತಿದೆಯೇ, ಪಿತ್ತಕ್ಕೆ ತಳ್ಳುವ ಟ್ರಾನ್ಸ್‌ಪೋರ್ಟರ್ ಇದೆಯೇ. ಈ ಮೂರೂ ಪರೀಕ್ಷೆ ಮುಗಿಯುವ ತನಕ ಹೊಸ ಅಣು ಬರೆಯುವುದನ್ನು ನಿಲ್ಲಿಸಿ.